26 ಅಂಕಿಯ ಸಂಖ್ಯೆಯನ್ನು ತಾಳೆ ನೋಡುವುದು ಹೇಗೆ?

ಪ್ರಶ್ನೆ: ಶಕುಂತಲಾ ದೇವಿಯವರು ಮನಸ್ಸಿನಲ್ಲೇ ಗುಣಿಸಿ ಹೇಳಿದ 26 ಅಂಕಿಯ ಉತ್ತರ ನಮ್ಮ ಕ್ಯಾಲ್ಕುಲೇಟರಿನಲ್ಲಿ ಹಿಡಿಸುವುದೇ ಇಲ್ಲ. ಅಷ್ಟು ದೊಡ್ಡ ಸಂಖ್ಯೆ ಸರಿಯೋ ತಪ್ಪೋ ಎಂದು ಪೆನ್ಸಿಲ್ ಹಿಡಿದು ನೋಡಬಹುದೆ?
– ಓದುಗರೊಬ್ಬರು, ಬಿ.ಜಿ. ಕೆರೆ

ಉತ್ತರ: ಖಂಡಿತ ನೋಡಬಹುದು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870ನ್ನು 2465099745779ರಿಂದ ಗುಣಿಸಿ, 28 ಸೆಕೆಂಡಿನಲ್ಲಿ 18947668177995426462773730 ಎಂದರು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ, ಕೊನೆಯದು ಮಹಾಕ್ಷೋಭ. ಈ ಉತ್ತರ ಅದನ್ನೂ ಎರಡು ಸ್ಥಾನ ದಾಟುತ್ತದೆ.

ಮೊದಲು ಒಂಬತ್ತರ ತಾಳೆ. 10 ಎಂದರೆ 9+1, 100 ಎಂದರೆ 99+1. ಆದ್ದರಿಂದ ಯಾವ ಸಂಖ್ಯೆಯನ್ನೇ ಆಗಲಿ 9ರಿಂದ ಭಾಗಿಸಿದಾಗ ಬರುವ ಶೇಷವೂ ಅದರ ಅಂಕಿಗಳ ಮೊತ್ತವನ್ನು ಭಾಗಿಸಿದಾಗ ಬರುವ ಶೇಷವೂ ಒಂದೇ. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿ: 78, ಮತ್ತೆ ಕೂಡಿದರೆ 15, ಕೊನೆಗೆ 6. ಎರಡನೆಯದು 74, 11, ಕೊನೆಗೆ 2. ಆರೆರಡಲ ಹನ್ನೆರಡು, ಅಂದರೆ 3. ಈಗ ಉತ್ತರದ ಅಂಕಿಗಳನ್ನು ಕೂಡಿ: 138, 12, ಕೊನೆಗೆ 3. ತಾಳೆಯಾಯಿತು.

ಆದರೆ ಅಕ್ಕಪಕ್ಕದ ಅಂಕಿಗಳು ಸ್ಥಳ ಬದಲಿಸಿದರೆ ಮೊತ್ತ ಬದಲಾಗದು. ಆ ತಪ್ಪು ಹಿಡಿಯಲು ಹನ್ನೊಂದರ ತಾಳೆ ಬೇಕು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿ, ಬಿಟ್ಟವನ್ನು ಬೇರೆ ಕೂಡಿ, ವ್ಯತ್ಯಾಸ ನೋಡಿ. ಎರಡನೆಯ ಸಂಖ್ಯೆಯಲ್ಲಿ 37 ಮತ್ತು 37, ವ್ಯತ್ಯಾಸ ಸೊನ್ನೆ. ಹಾಗಾಗಿ ಅದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಗುಣಲಬ್ಧವೂ ಭಾಗವಾಗಲೇಬೇಕು. ಉತ್ತರದಲ್ಲಿ ಎಣಿಸಿ ನೋಡಿ: 69 ಮತ್ತು 69! ಕೈಯಾರೆ ಕೂಡಿದಾಗ ಈ ಎರಡು ಮೊತ್ತಗಳು ಸರಿಸಮ ನಿಲ್ಲುವುದನ್ನು ಕಾಣುವುದೇ ಒಂದು ಸಂತೋಷ.

ಇನ್ನೂ ಕೆಲವು ಗುಣಗಳು ಇಷ್ಟರಲ್ಲೇ ತಿಳಿದುಹೋದವು. ಕೊನೆಯಲ್ಲಿ ಸೊನ್ನೆ ಇದೆ, ಅಂಕಿಗಳ ಮೊತ್ತ 138 ಮೂರರಿಂದ ಭಾಗವಾಗುತ್ತದೆ. ಹಾಗಾಗಿ ಇಡೀ ಸಂಖ್ಯೆ 10, 3, 11ರಿಂದ, ಒಟ್ಟಿಗೆ 330ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದರೆ 9ರಿಂದ ಆಗದು; ಕೊನೆಯ ಎರಡಂಕಿ 30 ಆದ್ದರಿಂದ 4ರಿಂದಲೂ ಆಗದು.

ಒಂದು ಎಚ್ಚರಿಕೆ. ತಾಳೆ ತಪ್ಪಿದರೆ ಉತ್ತರ ತಪ್ಪು, ಅದರಲ್ಲಿ ಅನುಮಾನವಿಲ್ಲ. ತಾಳೆಯಾದರೆ ಉತ್ತರ ಸರಿಯೇ ಎಂದು ಸಾಧಿಸಿದಂತಲ್ಲ. ಮನಬಂದಂತೆ ಬರೆದ ತಪ್ಪು ಉತ್ತರಗಳಲ್ಲಿ ಸುಮಾರು 99ಕ್ಕೆ ಒಂದು ಎರಡೂ ಪರೀಕ್ಷೆ ದಾಟಿಬಿಡುತ್ತದೆ.

ಈ ಲೆಕ್ಕ ನಿಮ್ಮ ಪಕ್ಕದ ಚಳ್ಳಕೆರೆಯ ಶೇಂಗಾ ವ್ಯಾಪಾರಕ್ಕೂ ಬರುತ್ತದೆ. 5,437 ರೂಪಾಯಿಯನ್ನು ಯಾರಾದರೂ 5,347 ಎಂದು ಬರೆದರೆ ವ್ಯತ್ಯಾಸ 90, ಒಂಬತ್ತರ ಮಗ್ಗಿಯದ್ದೇ. ಖಾತೆ ಪುಸ್ತಕದಲ್ಲಿ ಲೆಕ್ಕ ಕೂಡಿಬರದೆ, ವ್ಯತ್ಯಾಸ 9ರಿಂದ ಭಾಗವಾಗುತ್ತಿದ್ದರೆ ಮೊದಲು ಅಂಕಿಗಳು ಅದಲುಬದಲಾಗಿವೆಯೇ ಎಂದು ಹುಡುಕಿ. ಮನೆಯ ಮಕ್ಕಳಿಗೂ ಈ ಎರಡು ತಾಳೆಗಳನ್ನು ಕಲಿಸಿಕೊಡಿ.