ಪುಕ್ಕಟೆ ಪುಸ್ತಕಕ್ಕೆ ದುಡ್ಡು ಕೊಟ್ಟವರು ಯಾರು?



ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ಅಣ್ಣನ ಹತ್ತಿರ ತೆಳ್ಳಗಿನ ಒಂದು ಬಣ್ಣದ ಚಿತ್ರಕಥೆ ಪುಸ್ತಕ ಇತ್ತು. ಇಂಗ್ಲಿಷಿನದು. ನನಗೆ ಚಿತ್ರಗಳು ಮಾತ್ರ ಅರ್ಥವಾದವು. ಬೆಲೆ ಎಷ್ಟು ಅಂತ ತಿರುಗಿಸಿ ನೋಡಿದೆ. ಬೆಲೆಯೇ ಇಲ್ಲ! ಹಿಂದಿನ ಪುಟದಲ್ಲಿ ಒಂದು ಚೌಕ, ಅದರೊಳಗೆ ಯಾವುದೋ ಅಂಗಡಿಯ ಸೀಲು.

"ಅದು ಪುಕ್ಕಟೆ ಕೊಟ್ಟಿದ್ದು ಕಣೇ. ಅಮೆರಿಕದಲ್ಲಿ ವರ್ಷಕ್ಕೆ ಒಂದಿನ ಹೀಗೆ ಕೊಡ್ತಾರೆ. ನನ್ನ ಫ್ರೆಂಡು ತಂದಿದ್ದ" ಎಂದ ಅಣ್ಣ.

"ಪುಕ್ಕಟೆ ಕೊಟ್ರೆ ಅಂಗಡಿಯವರಿಗೆ ನಷ್ಟ ಆಗಲ್ವಾ?" ಎಂದೆ. ನಾನು ಅಂಗಡಿಯವರ ಮಗಳಲ್ಲವೇ, ಈ ಪ್ರಶ್ನೆ ಬಂದೇ ಬರುತ್ತದೆ. ಅಣ್ಣ ನನಗಾಗಿ ಎಲ್ಲವನ್ನೂ ಹುಡುಕಿ ಓದಿ ಹೇಳಿದ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಚಿತ್ರಕಥೆ ಅಂದರೆ ನಿಮಗೆಲ್ಲಾ ಗೊತ್ತು. ನಮ್ಮ ಶಾಲೆಯ ಕಪಾಟಿನಲ್ಲಿ ಅಮರ ಚಿತ್ರಕಥೆ ಇದೆ. 1967ರಲ್ಲಿ ಆ ಮಾಲೆಯನ್ನು ಇಂಗ್ಲಿಷಿನಲ್ಲಿ ಆರಂಭಿಸಿದ ಅನಂತ ಪೈ ಅವರು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ಇಂಥ ಪುಸ್ತಕಗಳಿಗೆ ಕಾಮಿಕ್ಸ್ ಎನ್ನುತ್ತಾರೆ. ಕಾಮಿಕ್ಸ್ ಮಾರುವುದಕ್ಕೇ ಬೇರೆ ಅಂಗಡಿಗಳಿವೆ. ಒಂದೊಂದು ಕಥೆಯೂ ಧಾರಾವಾಹಿಯ ಹಾಗೆ, ಹೆಚ್ಚಾಗಿ ತಿಂಗಳಿಗೊಂದು ಸಂಚಿಕೆ. ಹಾಗಾಗಿ ಓದಲು ಶುರು ಮಾಡಿದವರು ಮುಂದಿನ ತಿಂಗಳು ಮತ್ತೆ ಬರಬೇಕು. ಈ ಮಾತು ನೆನಪಿಡಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಕ್ಯಾಲಿಫೋರ್ನಿಯಾ ರಾಜ್ಯದ ಕಾಂಕರ್ಡ್ ಎಂಬ ಊರಿನಲ್ಲಿ ಜೋ ಫೀಲ್ಡ್ ಎಂಬುವರ ಕಾಮಿಕ್ಸ್ ಅಂಗಡಿ. ಅದರ ಹತ್ತಿರವೇ ಬ್ಯಾಸ್ಕಿನ್ ರಾಬಿನ್ಸ್ ಐಸ್‌ಕ್ರೀಂ ಅಂಗಡಿ. 2001ರಲ್ಲಿ ಒಂದು ದಿನ ಆ ಐಸ್‌ಕ್ರೀಂ ಅಂಗಡಿ ಮುಂದೆ ಉದ್ದಕ್ಕೂ ಜನ ನಿಂತಿದ್ದರಂತೆ. ಏನು ಅಂತ ನೋಡಿದರೆ ಅವತ್ತು ಐಸ್‌ಕ್ರೀಂ ಪುಕ್ಕಟೆ! ನಾವೂ ಒಂದು ದಿನ ಹೀಗೆ ಪುಸ್ತಕ ಕೊಟ್ಟರೆ ಹೇಗೆ ಅಂತ ಅವರಿಗೆ ಅನ್ನಿಸಿತು. ಕಾಮಿಕ್ಸ್ ಅಂಗಡಿಯವರಿಗೆಂದೇ ಬರುತ್ತಿದ್ದ ಒಂದು ಪತ್ರಿಕೆಯಲ್ಲಿ ಆ ಯೋಚನೆಯನ್ನು ಬರೆದರು. ಪ್ರಕಾಶಕರೂ ಒಪ್ಪಿದರು. 2002ರ ಮೇ 3ರಂದು ಸ್ಪೈಡರ್‌ಮ್ಯಾನ್ ಸಿನಿಮಾ ಬಿಡುಗಡೆ ಇತ್ತು. ಸಿನಿಮಾ ನೋಡಿದ ಮಕ್ಕಳು ಮಾರನೇ ದಿನವೇ ಅಂಗಡಿಗೆ ಬರಲಿ ಎಂದು ಮೇ 4, ಶನಿವಾರ, ಮೊದಲನೇ ಉಚಿತ ಕಾಮಿಕ್ಸ್ ದಿನ ಇಟ್ಟುಕೊಂಡರು. ಎಷ್ಟು ಜಾಣತನ ನೋಡಿ! ಆಮೇಲೆ ಹೆಚ್ಚಿನ ವರ್ಷ ಮೇ ತಿಂಗಳ ಮೊದಲನೇ ಶನಿವಾರವೇ ನಡೆಯಿತು. ಕೊರೊನಾ ಬಂದಾಗ ಕ್ರಮ ತಪ್ಪಿತು, 2021ರಲ್ಲಿ ಆಗಸ್ಟ್ 14ರಂದು ನಡೆಸಿದರು.

ಆ ದಿನ ಅಂಗಡಿ ಜಾತ್ರೆಯ ಹಾಗೆ ಇರುತ್ತದಂತೆ. ಬಾಗಿಲು ತೆಗೆಯುವ ಮೊದಲೇ ಹೊರಗೆ ಸಾಲು. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್ ವೇಷ ಹಾಕಿಕೊಂಡು ಬರುತ್ತಾರೆ. ನಮ್ಮೂರ ಹಗಲುವೇಷದವರು ನೆನಪಾಗಿ ನಗು ಬಂತು. ಚಿತ್ರ ಬರೆಯುವ ಕಲಾವಿದರನ್ನು ಕರೆಸಿ ಮೇಜು ಹಾಕಿ ಕೂರಿಸುತ್ತಾರೆ, ಅವರು ಪುಸ್ತಕಕ್ಕೆ ಸಹಿ ಹಾಕಿಕೊಡುತ್ತಾರೆ. ಹಳೇ ಸಂಚಿಕೆಗಳನ್ನು ಪೆಟ್ಟಿಗೆಯಲ್ಲಿಟ್ಟು ಕಡಿಮೆ ಬೆಲೆಗೆ ಮಾರುತ್ತಾರೆ. ಪುಕ್ಕಟೆ ಅಂತ ಬಾಚಿಕೊಂಡು ಹೋಗುವ ಹಾಗಿಲ್ಲ. ಒಬ್ಬರಿಗೆ ಇಷ್ಟೇ ಪುಸ್ತಕ ಅಂತ ಎಷ್ಟೋ ಅಂಗಡಿಗಳಲ್ಲಿ ಬೋರ್ಡು ಹಾಕಿರುತ್ತಾರೆ. ಚಿಕ್ಕ ಮಕ್ಕಳ ಪುಸ್ತಕ, ದೊಡ್ಡವರ ಪುಸ್ತಕ ಬೇರೆ ಬೇರೆ ಇಡಬೇಕು. ಇಲ್ಲಾಂದ್ರೆ ಪಾಪುಗಳ ಕೈಗೆ ಹೆದರಿಸೋ ಕಥೆ ಹೋಗಿಬಿಡುತ್ತೆ.

ಈಗ ನನ್ನ ಪ್ರಶ್ನೆ. ದುಡ್ಡು ಯಾರದು?

ಪ್ರಕಾಶಕರೇ ಅಂಗಡಿಗೆ ಪುಕ್ಕಟೆ ಕೊಡುತ್ತಾರೆ ಅಂದುಕೊಂಡಿದ್ದೆ. ತಪ್ಪು. ಆ ದಿನಕ್ಕಾಗಿಯೇ ಬೇರೆ ಸಂಚಿಕೆ ಅಚ್ಚು ಮಾಡಿ ಅಂಗಡಿಯವರಿಗೆ ಕಡಿಮೆ ದರದಲ್ಲಿ, ಒಂದಕ್ಕೆ ಕೆಲವು ಸೆಂಟಿನ ಹಾಗೆ, ಮಾರುತ್ತಾರೆ. (100 ಸೆಂಟು ಅಂದರೆ 1 ಡಾಲರ್.) ಸಾಗಣೆ ಖರ್ಚು ಬೇರೆ. ಅಂದರೆ ನಮಗೆ ಪುಕ್ಕಟೆ, ಅಂಗಡಿಯವರಿಗಲ್ಲ!

ಇನ್ನೊಂದು ಕಷ್ಟವೂ ಇದೆ. ಮೊದಲು ಅಲ್ಲಿ ಕಾಮಿಕ್ಸನ್ನು ಪೇಪರ್ ಅಂಗಡಿಗಳಲ್ಲಿ ಮಾರುತ್ತಿದ್ದರು, ಉಳಿದದ್ದನ್ನು ವಾಪಸ್ ಮಾಡಬಹುದಿತ್ತು. 1970ರ ದಶಕದಲ್ಲಿ ಹೊಸ ಪದ್ಧತಿ ಬಂತು. ಕಾಮಿಕ್ಸ್ ಅಂಗಡಿಯವರಿಗೆ ಹೆಚ್ಚು ಕಮಿಷನ್ ಸಿಕ್ಕಿತು, ಆದರೆ ಉಳಿದ ಪುಸ್ತಕ ವಾಪಸ್ ಇಲ್ಲ. ಎಷ್ಟು ಬೇಕು ಅಂತ ಒಂದೆರಡು ತಿಂಗಳು ಮೊದಲೇ ಹೇಳಬೇಕು. ಜಾಸ್ತಿ ತರಿಸಿದರೆ ಅಂಗಡಿಯಲ್ಲೇ ಕೊಳೆಯುತ್ತದೆ, ಕಮ್ಮಿ ತರಿಸಿದರೆ ಗಿರಾಕಿ ಬರಿಗೈಲಿ ಹೋಗ್ತಾರೆ. ಈ ವ್ಯಾಪಾರ ಗಟ್ಟಿ ನೆಲದ ಮೇಲಿಲ್ಲ. ಇಷ್ಟು ವರ್ಷ ಈ ದಿನದ ಪುಸ್ತಕಗಳನ್ನು ಅಂಗಡಿಗಳಿಗೆ ಕಳಿಸುತ್ತಿದ್ದ ಡೈಮಂಡ್ ಎಂಬ ದೊಡ್ಡ ವಿತರಣಾ ಕಂಪನಿಯೇ 2025ರ ಜನವರಿಯಲ್ಲಿ ದಿವಾಳಿ ಅಂತ ಕೋರ್ಟಿಗೆ ಹೋಯಿತು.

ಹಾಗಾದರೆ ಯಾಕೆ ಕೊಡುತ್ತಾರೆ? ನಾವೇ ಒಂದು ಲೆಕ್ಕ ಮಾಡೋಣ. ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ಒಂದು ಅಂಗಡಿ 30 ಸೆಂಟಿನ ಹಾಗೆ 1000 ಪುಸ್ತಕ ತರಿಸಿತು. ಖರ್ಚು 300 ಡಾಲರ್. ಮಾಮೂಲಿ ಕಾಮಿಕ್ಸಿಗೆ 4 ಡಾಲರ್ ಬೆಲೆ, ಅದರಲ್ಲಿ ಅಂಗಡಿಗೆ ಉಳಿಯುವುದು 2 ಡಾಲರ್ ಅಂತ ಇಟ್ಟುಕೊಳ್ಳಿ. 300 ಡಾಲರ್ ವಾಪಸ್ ಬರಲು 150 ಪುಸ್ತಕ ಮಾರಬೇಕು. ಒಬ್ಬ ಹೊಸ ಓದುಗ ತಿಂಗಳಿಗೆ ಒಂದು ಕೊಂಡರೆ ವರ್ಷಕ್ಕೆ 12. 13 ಜನ ಕೊಂಡರೆ 156. ಸಾಕು! 1000 ಪುಸ್ತಕ ಹಂಚಿದವರಿಗೆ ಹೊಸಬರು 13 ಜನ ಸಿಕ್ಕರೆ ನಷ್ಟವಿಲ್ಲ. ನಾನು ಈ ಲೆಕ್ಕವನ್ನು ಮೂರು ಸಲ ಮಾಡಿದೆ, ನಂಬಿಕೆಯೇ ಬರಲಿಲ್ಲ. ಅವತ್ತೇ ಬೇರೆ ಪುಸ್ತಕ ಕೊಳ್ಳುವವರನ್ನು ನಾನು ಸೇರಿಸಿಲ್ಲ.

ಊರಿಗೆ ಬಂದ ಮೇಲೆ ಈ ಲೆಕ್ಕ ನನಗೆ ಬೇರೆ ಕೆಲಸಕ್ಕೆ ಬಂತು. ನಮ್ಮ ಅಂಗಡಿಯಲ್ಲಿ ಆಯುಧ ಪೂಜೆ ದಿನ ಗಿರಾಕಿಗಳಿಗೆಲ್ಲಾ ಕಡ್ಲೆಪುರಿ, ಬೂಂದಿ, ಕಾಯಿಚೂರು ಹಂಚುವುದು ನಿಮಗೆ ಗೊತ್ತೇ ಇದೆ. ನೀವೇ ಎಷ್ಟೋ ಜನ ಎರಡೆರಡು ಸಲ ಇಸ್ಕೊಂಡಿದ್ದೀರಿ. ಮೇನ್ ರೋಡಿನಲ್ಲಿ ದೊಡ್ಡ ಅಂಗಡಿ ಆದ ಮೇಲೆ ನಮಗೆ ವ್ಯಾಪಾರ ಕಡಿಮೆ. ಅದಕ್ಕೆ ಅಪ್ಪ, "ಈ ಸಲ ಪೂಜೆ ಮಾತ್ರ ಮಾಡೋಣ, ಹಂಚೋದು ಬೇಡ" ಅಂದರು. ನನಗೆ ಅಳು ಬಂತು. ಹಂಚದೆ ಇದ್ದರೆ ಅದು ನಮ್ಮ ಅಂಗಡಿ ಅಂತಲೇ ಅನ್ನಿಸಲ್ಲ.

ರಾತ್ರಿ ಅಪ್ಪನ ಸಾಲದ ಪುಸ್ತಕ ತೆಗೆದು ನೋಡಿದೆ. ಹೋದ ವರ್ಷ ಹಂಚಿದ್ದಕ್ಕೆ ಖರ್ಚು 2400 ರೂಪಾಯಿ. ಅವತ್ತು ಮೊದಲ ಸಲ ಬಂದು, ಆಮೇಲೆ ಖಾತೆ ಹಚ್ಚಿದ ಮನೆಗಳು 4. ಒಂದು ಮನೆಯಿಂದ ತಿಂಗಳಿಗೆ ಸುಮಾರು 60 ರೂಪಾಯಿ ಉಳಿಯುತ್ತದೆ ಅಂತ ಅಪ್ಪನೇ ಹೇಳಿದ್ದು. ವರ್ಷಕ್ಕೆ 720. ನಾಲ್ಕು ಮನೆಗೆ 2880. ಅಂದರೆ 480 ರೂಪಾಯಿ ಲಾಭ!

ಓಡಿಹೋಗಿ ತೋರಿಸಿದೆ. ಅಮ್ಮ ಇಣುಕಿ ನೋಡಿ, "ಮೂರನೇ ಮನೆಯೋರು ಒಂದು ರೂಪಾಯೀನೂ ಕೊಟ್ಟಿಲ್ಲ ಕಣೇ, ಅವರನ್ನ ಯಾಕೆ ಸೇರಿಸ್ದೆ?" ಅಂದರು. ಅವರನ್ನು ಬಿಟ್ಟರೆ 2160. ಲಾಭ ಹೋಗಿ 240 ರೂಪಾಯಿ ನಷ್ಟ ಆಯ್ತು. ಸಾಲಕ್ಕೆ ಕೊಟ್ಟ ಸಾಮಾನಿನ ಅಸಲು ಬೇರೆ ಹೋಯಿತು ಅಂದರು ಅಮ್ಮ. ನಾನು ಸುಮ್ಮನೆ ನಿಂತೆ.

ಅಪ್ಪ ನೋಟ್‌ಬುಕ್ಕನ್ನು ತುಂಬ ಹೊತ್ತು ನೋಡಿದರು. ಆಮೇಲೆ, "ಬೂಂದಿ ಅರ್ಧ ಮಾಡೋಣ. ಪುರಿ ಇರಲಿ. ಯಾರು ಬಂದ್ರು ಅಂತ ನೀನೇ ಬರೆದುಕೋಬೇಕು" ಅಂದರು.

ಆದ್ದರಿಂದ ಆಯುಧ ಪೂಜೆ ದಿನ ಸಂಜೆ ಎಲ್ಲರೂ ಬನ್ನಿ. ಗುರುಗಳೂ ಬರಬೇಕು. ನಾನು ಬಾಗಿಲ ಹತ್ತಿರ ನೋಟ್‌ಬುಕ್ ಹಿಡಿದು ಕೂತಿರುತ್ತೇನೆ. ಈ ಸಲ ಒಬ್ಬರಿಗೆ ಒಂದೇ ಪೊಟ್ಟಣ.