ಶಿಕ್ಷಣಾರ್ಥಿಯಾದ ಯೋಧನೂ ತಾಯ್ತಂದೆಗಳ ಕಳವಳವೂ

ಮೋಹ, ವಾತ್ಸಲ್ಯ ಎಂಬೀ ಎರಡು ಪದಗಳನ್ನು ಲೋಕವು ಒಂದೇ ಅರ್ಥದಲ್ಲಿ ಬಳಸುವುದುಂಟು. ಪದಗಳ ಮೂಲವನ್ನು ನೋಡಿದರೆ ಅವು ಬೇರೆಬೇರೆ. ‘ವತ್ಸ’ವೆಂದರೆ ಕರು, ಕರುವಿನ ಮೇಲೆ ಹಸುವಿಗಿರುವ ಒಲವು ವಾತ್ಸಲ್ಯ. ‘ಮುಹ್’ ಧಾತುವಿನಿಂದ ಬಂದ ಮೋಹವಾದರೋ ಬುದ್ಧಿಯು ಕಂಗೆಟ್ಟ ಸ್ಥಿತಿ. ಮಕ್ಕಳು ಕಣ್ಣೆದುರಿಗಿರುವತನಕ ಈ ಭೇದವು ತಾಯ್ತಂದೆಗಳ ಅನುಭವಕ್ಕೆ ಬರುವುದು ವಿರಳ. ಮಗನು ಸೈನ್ಯಶಿಕ್ಷಣಕ್ಕೆ ಹೊರಟ ದಿನದಿಂದ ಅದು ಮನೆಯ ಹೊಸ್ತಿಲಲ್ಲಿಯೇ ಬಂದು ನಿಲ್ಲುತ್ತದೆ.

ಕೃಷ್ಣಾತೀರದ ಕೊಲ್ಹಾರದ ಸೀಮೆಗೆ ಇದು ದೂರದ ಮಾತಲ್ಲ. ಜಿಲ್ಲಾಸ್ಥಳವಾದ ವಿಜಯಪುರದಲ್ಲಿ 1963ರಿಂದಲೂ ಸೈನಿಕ ಶಾಲೆಯಿದೆ; ಆರನೆಯ ತರಗತಿಯ ಎಳೆಯರನ್ನು ಅಲ್ಲಿ ಬಿಟ್ಟು ಬರಿಗೈಯಲ್ಲಿ ಹಿಂದಿರುಗುವ ತಾಯಂದಿರುಂಟು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಶಿಕ್ಷಣಕೇಂದ್ರವೂ, ಅದರ ಬಳಿಯ ಸಾಂಬ್ರಾದಲ್ಲಿ ವಾಯುಸೇನೆಯ ಶಿಕ್ಷಣಶಾಲೆಯೂ ಇವೆ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಹದಿನೇಳೂವರೆ ವರ್ಷ ತುಂಬಿದ ತರುಣರು ನಾಲ್ಕು ವರ್ಷಗಳ ಸೇವೆಗೆ ಸೇರುತ್ತಿದ್ದಾರೆ. ಬೆಳಗಾವಿಯ ಮೊದಲ ಅಗ್ನಿವೀರರ ತಂಡವು 2023ರ ಜನವರಿಯಲ್ಲಿ ಶಿಕ್ಷಣವನ್ನಾರಂಭಿಸಿ ಆಗಸ್ಟಿನಲ್ಲಿ ಮುಗಿಸಿತು, 31 ವಾರಗಳು. ಹೊಲದ ಬದುವಿನ ಮೇಲೆ ನಸುಕಿನಲ್ಲಿ ಓಡಿ, 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಟ್ಟಿ ಆಯ್ಕೆಯಾದ ಹುಡುಗನಿಗೆ ನಿಜವಾದ ಪರೀಕ್ಷೆ ಆರಂಭವಾಗುವುದು ಆಮೇಲೆಯೇ.

ಇಂಥದೊಂದು ಮನೆಯನ್ನು ವಾಚಕರು ಭಾವಿಸಿಕೊಳ್ಳಲಿ. ಮಗನು ಬೆಳಗಾವಿಯಲ್ಲಿದ್ದಾನೆ. ದೂರವಾಣಿಯು ಅವನ ಕೈಗೆ ಸಿಗುವುದು ಅಪರೂಪ. ಸಿಕ್ಕ ನಾಲ್ಕು ನಿಮಿಷಗಳಲ್ಲಿ ತಾಯಿ ಕೇಳುವುದು ಒಂದೇ ಮಾತು:

“ಯಪ್ಪಾ, ಊಟ ಆತೇನ?”

“ಆತಬೇ ಯವ್ವಾ. ನಾ ಆರಾಮದೀನಿ. ನೀ ಚಿಂತಿ ಮಾಡಬ್ಯಾಡ.”

ತಂದೆಯು ಆಕೆಯ ಕೈಯಿಂದ ಫೋನು ಕಸಿದುಕೊಂಡು, ಊರ ಮಂದಿಯೆಲ್ಲ ಕೇಳುತ್ತಿದ್ದಾರೆ, ನಮ್ಮ ಹೆಸರು ಉಳಿಸು ಎನ್ನುತ್ತಾನೆ. ಇಬ್ಬರದೂ ಪ್ರೀತಿಯೇ. ಆದರೆ ಮಗನ ಬಲಗಾಲಿನ ಎಲುಬು ಹತ್ತು ದಿನಗಳಿಂದ ನೋಯುತ್ತಿದೆ. ಆ ಮಾತಿಗೆ ಈ ನಾಲ್ಕು ನಿಮಿಷಗಳಲ್ಲಿ ಎಡೆಯೇ ಸಿಕ್ಕಿಲ್ಲ.

ಈ ನೋವನ್ನು ಕುರಿತು ಗೃಹಸ್ಥರು ತಿಳಿದಿರುವುದು ಅವಶ್ಯ. ಓಟವೂ ಕವಾಯತೂ ಬೆನ್ನಮೇಲಿನ ಭಾರವೂ ಒಮ್ಮೆಲೇ ಹೆಚ್ಚಿದಾಗ ಎಲುಬು ತನ್ನನ್ನು ತಾನು ಹೊಸದಾಗಿ ಕಟ್ಟಿಕೊಳ್ಳಲು ತೊಡಗುತ್ತದೆ. ಮೊದಲು ಹಳೆಯ ಅಂಶವನ್ನು ಕರಗಿಸುವುದು, ಅನಂತರ ಹೊಸದನ್ನು ತುಂಬುವುದು. ಹೀಗೆ ತುಂಬಲು ವಾರಗಳು ಬೇಕು. ಈ ನಡುವಣ ಕಾಲದಲ್ಲಿ ಮೊಣಕಾಲಿನ ಕೆಳಗಣ ಉದ್ದ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಮೂಡಬಹುದು. ಯಾವ ದೇಶದ ಸೈನ್ಯವೇ ಆಗಲಿ, ಹೊಸ ಶಿಕ್ಷಣಾರ್ಥಿಗಳಲ್ಲಿ ಇದು ಕಂಡುಬರುವ ತೊಂದರೆಯೇ. ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ಕೂಡಲೇ ವೈದ್ಯಾಧಿಕಾರಿಗೆ ತೋರಿಸಿ ಕೆಲವು ವಾರ ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಮರೆಮಾಚಿ ಓಡಿದರೆ ಎಲುಬು ಮುರಿಯುವ ಭಯವುಂಟು. ಬಿಸಿಲಿನ ಬೇನೆಯೂ ಅಂಥದೇ: ತಲೆ ತಿರುಗಿ ವಾಂತಿ ಬರುವಂತಾದಾಗ ಬಾಯಿಬಿಟ್ಟು ಹೇಳದವನಿಗೆ ಅಪಾಯ.

ಹುಡುಗನು ಮರೆಮಾಚುವುದೇಕೆ? ಕಾಯಿಲೆಯಿಂದ ಬಹುದಿನ ತಪ್ಪಿಸಿಕೊಂಡವನನ್ನು ಹಿಂದಿನ ತಂಡದೊಡನೆ ಸೇರಿಸುವ ಪದ್ಧತಿ ಶಿಕ್ಷಣಕೇಂದ್ರಗಳಲ್ಲುಂಟು. ಅದು ಶಿಕ್ಷೆಯಲ್ಲ, ಕುಂದಿದ ದೇಹಕ್ಕೆ ಕೊಟ್ಟ ಕಾಲಾವಕಾಶ. ಆದರೆ ಊರಿನಲ್ಲಿ ಹೂಮಾಲೆ ಹಾಕಿಸಿಕೊಂಡು ಬಂದವನಿಗೆ ಅದು ಅಪಮಾನವಾಗಿ ತೋರುವುದು. ಆ ಹೂಮಾಲೆಯನ್ನು ಹಾಕಿದವರು ಯಾರು? ತಾಯ್ತಂದೆಗಳೂ ಓಣಿಯವರೂ ಅಲ್ಲವೇ? ಅಭಿಮಾನವೂ ಒಂದು ಹೊರೆಯೇ. ಸೈನ್ಯವು ಹೊರಿಸಿದ ಚೀಲದ ಮೇಲೆ ಮನೆಯವರು ಅದನ್ನೂ ಹೇರುತ್ತಾರೆ.

ಕೊಲ್ಹಾರದವರಿಗೆ ಒಂದು ದೃಷ್ಟಾಂತ ಸಾಕು. ಅಲ್ಲಿಯ ಗಡಿಗೆಯ ಮೊಸರು ಪ್ರಸಿದ್ಧವಾದುದು. ಬೋರಲು ಹಾಕಿದರೂ ಬೀಳದೆಂದು ಹೊಗಳುವರು. ಹೆಪ್ಪು ಹಾಕಿದ ಹೆಣ್ಣುಮಗಳು ಗಳಿಗೆಗೊಮ್ಮೆ ಮುಚ್ಚಳ ತೆಗೆದು ಗಡಿಗೆಯನ್ನು ಕದಲಿಸಿದರೆ ಅಂಥ ಮೊಸರು ಆಗುವುದಿಲ್ಲ. ಹಾಗೆಂದು ಆಕೆ ಅದನ್ನು ಮರೆತು ಕೂಡ್ರುವುದೂ ಇಲ್ಲ. ಚಳಿಯಿದ್ದರೆ ಬೆಚ್ಚಗಿನ ಎಡೆಯಲ್ಲಿಡುತ್ತಾಳೆ. ಮಗನ ವಿಷಯದಲ್ಲಿ ಆ ಬೆಚ್ಚನೆಯ ಎಡೆ ಯಾವುದು? “ಕಾಲು ನೋಯ್ತಾವೇನಪಾ? ಡಾಕ್ಟರಿಗೆ ತೋರಿಸು. ಒಂದು ತಂಡ ಹಿಂದ ಉಳದರ ನಮಗೇನೂ ನಾಚಿಕಿಲ್ಲ” ಎಂಬ ಮಾತು. ತಂದೆಯ ಬಾಯಿಂದ ಬಂದರೆ ಅದರ ಬಲ ಇಮ್ಮಡಿ. ಕೆಲವು ಕಾಲಕ್ಕೆ ಹುಡುಗನು, ಇಲ್ಲಿರಲಾರೆ, ಬಂದುಬಿಡುತ್ತೇನೆ ಎನ್ನುವುದೂ ಉಂಟು. ಆಗ ಗದರಿಸಬಾರದು; ‘ಬಾ’ ಎಂದು ಕೂಡಲೇ ಕರೆಯಲೂ ಬಾರದು. ಒಂದೆರಡು ವಾರ ಕೇಳಿಸಿಕೊಳ್ಳಬೇಕು. ಮೊದಲ ವಾರಗಳ ದಣಿವು ಹಾಗೆ ಮಾತನಾಡಿಸುವುದು ಸಹಜ. ಆದರೆ ಮಾತಿನಲ್ಲಿ ಬದುಕೇ ಬೇಡವೆಂಬ ಧ್ವನಿ ಕೇಳಿಬಂದರೆ ಆ ದಿನವೇ ಕೇಂದ್ರದ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಅದರಿಂದ ಮಗನ ಹೆಸರು ಕೆಟ್ಟೀತೆಂದು ತಡೆಯುವುದೇ ಮೇಲೆ ಹೇಳಿದ ಮೋಹ.

ನಾಲ್ಕು ವರ್ಷಗಳ ತರುವಾಯ ಕಾಲುಭಾಗದವರನ್ನಷ್ಟೇ ಮುಂದುವರಿಸುವರೆಂಬ ನಿಯಮವು ತಂದೆಯ ನಿದ್ರೆಯನ್ನು ಕೆಡಿಸುವುದು ನ್ಯಾಯವೇ. ಆ ಚಿಂತೆಗೆ ಕಾಲವಿದೆ. ಶಿಕ್ಷಣದ ವಾರಗಳಲ್ಲಿ ಅದನ್ನು ಮಗನ ಕಿವಿಗೆ ಹಾಕುವುದು ಅಕಾಲ.

ಇನ್ನು ಮನೆಯಲ್ಲುಳಿದವರ ಕಳವಳಕ್ಕೆ ಏನು ದಾರಿ? ಇದೇ ಜಿಲ್ಲೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ನಿತ್ಯವೂ ಶರಣರ ಬಟ್ಟೆಯನ್ನು ಮಡಿಮಾಡಿದವರು. ಕಲ್ಯಾಣದ ವಿಪ್ಲವದಲ್ಲಿ ಶರಣಸಮೂಹವನ್ನೂ ವಚನದ ಕಟ್ಟುಗಳನ್ನೂ ಕಾಯಲು ಬೆನ್ನಟ್ಟಿದ ಸೈನ್ಯಕ್ಕೆ ಎದುರಾಗಿ ನಿಂತರೆಂಬುದು ಸಂಪ್ರದಾಯ. ಹೊಳೆಯ ಬಂಡೆಯೂ ರಣಭೂಮಿಯೂ ಅವರಿಗೆ ಕಾಯಕದ ಎರಡು ಸ್ಥಳಗಳು. ಮಗನು ತನ್ನ ಸ್ಥಳದಲ್ಲಿರುವಾಗ ತಾಯಿಗೂ ಒಂದು ಸ್ಥಳವಿದೆ: ಎಮ್ಮೆಯ ಹಿಂಡುವಿಕೆ, ಜೋಳದ ಹೊಲ, ಹೊತ್ತಿಗೆ ಸರಿಯಾಗಿ ಲಿಂಗಪೂಜೆ. ಚಿಂತೆಯು ಇದರಿಂದ ಹೋಗುವುದಿಲ್ಲ; ಕೈಗೆ ಕೆಲಸವಿದ್ದಾಗ ಅದು ಕೈಯನ್ನಾದರೂ ಬಿಡುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನೇ ಒಪ್ಪಿಸಿ ಹೊಸ ಕೊಲ್ಹಾರದಲ್ಲಿ ಒಲೆ ಹೂಡಿದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಶಿಕ್ಷಣವು ಮುಗಿದ ದಿನ ರಾಷ್ಟ್ರಧ್ವಜದ ಎದುರಿನಲ್ಲಿ ಪ್ರಮಾಣವಚನ. ಬಂದ ತಾಯ್ತಂದೆಗಳ ಎದೆಗೆ ‘ಗೌರವ ಪದಕ’ವನ್ನು ತೊಡಿಸುವ ಪದ್ಧತಿಯು ಸೈನ್ಯದ ಅನೇಕ ಕೇಂದ್ರಗಳಲ್ಲಿದೆ. ಕಾಲುನೋವಿನಿಂದ ಹಿಂದಿನ ತಂಡಕ್ಕೆ ಸೇರಿ ಕೆಲವು ತಿಂಗಳು ತಡವಾಗಿ ಬಂದವನ ತಾಯಿಗೂ ಅದೇ ಪದಕ.