ಮಳೆಮಾಪಕದಿಂದ ಉಪಗ್ರಹಕ್ಕೆ: ಹೆಗ್ಗರಣೆ ಸೀಮೆಯ ಆರು ಪಾಠಗಳು

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ, ಉಂಚಳ್ಳಿ ಕಡೆ ಮಳೆಯ ಲೆಕ್ಕವೆಂದರೆ ದುಡ್ಡಿನ ಲೆಕ್ಕವೂ ಹೌದು. ಅಡಿಕೆಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಕೊಳೆರೋಗ ಬಂದ ತೋಟ ನೋಡಿ ಪರಿಹಾರ ಕೊಡುವುದಿಲ್ಲ. ಪಂಚಾಯ್ತಿ ಮಟ್ಟದ ಮಳೆಮಾಪಕದ ಅಂಕಿಯೇ ಆಧಾರ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಗಳಿಂದ ಮಳೆಯ ಅಂಕಿ ಹೊರಗೆ ತರುವ ಕೆಲಸದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಬರೆದಿಡಬೇಕು, ಆಮೇಲೆ ಕಳಿಸಬೇಕು.
ಆರಂಭದಲ್ಲಿ ನಾನು ಕೂರಿಸಿದ ಯಂತ್ರಗಳು ಅಳೆದದ್ದನ್ನು ಕಳಿಸಿ ಅಲ್ಲಿಗೇ ಮರೆಯುತ್ತಿದ್ದವು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು, ಅಂಕಿ ಒಯ್ಯುತ್ತಿದ್ದ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯಿತು. ಆ ವರ್ಷದ ಅತಿ ಜೋರು ಮಳೆಯ ಅಂಕಿಯೇ ಉಳಿಯಲಿಲ್ಲ. ತೋಟದವರು ಕೇಳಿದಾಗ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಈಗ ಪ್ರತಿ ಅಂಕಿಯೂ ಸಮಯದ ಸಮೇತ ಮೊದಲು ಮೆಮೊರಿ ಕಾರ್ಡಿಗೆ ಹೋಗುತ್ತದೆ. ಟವರಿರಲಿ, ಉಪಗ್ರಹವಿರಲಿ, ತಲುಪಿದ್ದು ಖಾತ್ರಿಯಾಗುವವರೆಗೆ ಅದನ್ನು ಅಳಿಸುವುದಿಲ್ಲ.

2. ಕಡಿಮೆ ಕಳಿಸಿದರೆ ಮಾತ್ರ ಅಗ್ಗ.
ಗಾಳಿ, ತೇವಾಂಶ, ಫೋಟೊ ಎಲ್ಲವನ್ನೂ ಕಳಿಸಲು ಹೊರಟಿದ್ದೆ. ಅದರ ಖರ್ಚು ಸಣ್ಣ ಹಿಡುವಳಿದಾರರಿಗೆ ಎಟುಕುವಂತಿರಲಿಲ್ಲ. 15 ನಿಮಿಷಕ್ಕೊಂದು ಅಂಕಿ, ತಲಾ 2 ಬೈಟ್ ಎಂದರೆ ಇಡೀ ದಿನದ ಮಳೆ 192 ಬೈಟಿನಲ್ಲಿ ಮುಗಿಯುತ್ತದೆ. ಅಮೆರಿಕದ ಸ್ವಾರ್ಮ್ ಕಂಪನಿ ತಿಂಗಳಿಗೆ 5 ಡಾಲರಿಗೆ ಉಪಗ್ರಹದ ಮೂಲಕ ಅಷ್ಟೇ ಗಾತ್ರದ 750 ಸಂದೇಶ ಕಳಿಸಲು ಬಿಡುತ್ತಿತ್ತು. 2021ರಲ್ಲಿ ಸ್ಪೇಸ್‌ಎಕ್ಸ್ ಅದನ್ನು ಕೊಂಡಿತು. ಮುಂದೆ ಹೊಸಬರಿಗೆ ಆ ಸೇವೆ ಸಿಗದಾಯಿತು. ಹಾಗಾಗಿ ಕಳಿಸುವ ಭಾಗವನ್ನಷ್ಟೇ ಬಿಚ್ಚಿ ಬದಲಿಸಲು ಬರುವಂತೆ ಯಂತ್ರ ಕಟ್ಟುವುದು ಒಳ್ಳೆಯದು.

3. ಗುಡ್ಡ ಹತ್ತಬೇಕಿಲ್ಲ, ಮರ ತಪ್ಪಿಸಬೇಕು.
ಸಿಗ್ನಲ್ಲಿಗೆ ಗುಡ್ಡ ಹತ್ತುವ ರೂಢಿಯಿಂದ ಮಳೆಮಾಪಕವನ್ನೂ ನೆತ್ತಿಯಲ್ಲಿಟ್ಟೆ. ಅಲ್ಲಿಯ ಗಾಳಿಗೆ ಹನಿಗಳು ಬಾಯಿಗೆ ಬೀಳದೆ ಹಾರಿಹೋದವು, ಅಂಕಿ ಕಡಿಮೆ ಬಂತು. ಹವಾಮಾನ ಕೇಂದ್ರಗಳ ಅಂಕಿ ಸಾಗಿಸುವ ಸಾಧನ ಹೊತ್ತು 2016ರಲ್ಲಿ ಮೇಲೇರಿದ ಇನ್ಸಾಟ್-3ಡಿಆರ್ ಉಪಗ್ರಹ ಇರುವುದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮಲ್ಲಿಂದ ನೋಡಿದರೆ ನಡುನೆತ್ತಿಯಿಂದ ಸುಮಾರು 17 ಡಿಗ್ರಿಯಷ್ಟೇ ದಕ್ಷಿಣಕ್ಕೆ. ಹಾಗಾಗಿ ಅದಕ್ಕೆ ಅಂಕಿ ಕಳಿಸಲು ಕಣಿವೆಯ ಗದ್ದೆಬಯಲೂ ಸಾಕು. ಆದರೆ ಮರದಡಿ ಬೇಡ: ಒದ್ದೆ ಎಲೆ ಸಂಕೇತವನ್ನು ಕುಗ್ಗಿಸುತ್ತದೆ, ಎಲೆಯ ತೊಟಕು ಅಳತೆಯನ್ನು ಕೆಡಿಸುತ್ತದೆ. ಜೋರು ಮಳೆಗೆ ಡಿಶ್ ಟಿವಿ ನಿಲ್ಲುತ್ತದಲ್ಲ ಎಂಬ ಅಳುಕೂ ನನಗಿತ್ತು. ಇನ್ಸಾಟಿಗೆ ಅಂಕಿ ಕಳಿಸುವ 402 ಮೆಗಾಹರ್ಟ್ಸ್ ತರಂಗ ಬಹಳ ಉದ್ದದ್ದು. ಮಳೆ ಅದನ್ನು ತಡೆಯುವುದಿಲ್ಲ.

4. ಬ್ಯಾಟರಿಯ ಲೆಕ್ಕ ಆಷಾಢದ್ದೇ ಆಗಬೇಕು.
ಬೇಸಿಗೆಯಲ್ಲಿ ಪರೀಕ್ಷಿಸಿದ ಸೋಲಾರ್ ಫಲಕ ಜುಲೈಯಲ್ಲಿ ಕೈಕೊಟ್ಟಿತು. ಬಿಸಿಲೇ ಕಾಣದ ವಾರಗಳಿಗೆಂದು ದೊಡ್ಡ ಬ್ಯಾಟರಿ ಹಾಕಿದೆ. ಹೆಚ್ಚು ವಿದ್ಯುತ್ ತಿನ್ನುವುದು ಅಳತೆಯಲ್ಲ, ರವಾನೆ. ಚಾರ್ಜ್ ಇಳಿದಾಗ ಯಂತ್ರ ಅಳೆಯುವುದನ್ನು ಬಿಡದೆ, ಕಳಿಸುವುದನ್ನು ದಿನಕ್ಕೊಂದು ಸಲಕ್ಕೆ ಇಳಿಸುವಂತೆ ಮಾಡಿದ್ದೇನೆ.

5. ಕೊಳ್ಳುವ ಮೊದಲು ಪರವಾನಗಿ ವಿಚಾರಿಸಬೇಕು.
ವಿದೇಶದ ಉಪಗ್ರಹ ಉಪಕರಣದ ಬೆಲೆ ನೋಡಿ ಆಸೆಪಟ್ಟವರಲ್ಲಿ ನಾನೂ ಒಬ್ಬ. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಇರಿಡಿಯಂ, ತುರಾಯಾ ಉಪಗ್ರಹ ಫೋನ್ ಇಟ್ಟುಕೊಳ್ಳುವುದೂ ಅಪರಾಧ. ಕಾನೂನಿನ ದಾರಿಯೂ ಇದೆ: 2020ರ ಡಿಸೆಂಬರಿನಲ್ಲಿ ಬಿಎಸ್‌ಎನ್‌ಎಲ್ ಮತ್ತು ಸ್ಕೈಲೋ ಇಂಥ ಸಣ್ಣ ಸಂದೇಶಗಳಿಗೆಂದೇ ಉಪಗ್ರಹ ಸೇವೆ ಘೋಷಿಸಿದವು. ಯಾವ ಸೇವೆಯಾದರೂ ಇಲ್ಲಿಯ ಪರವಾನಗಿ ಇದೆಯೇ ಎಂದು ಕೇಳಿಯೇ ಮುಂದುವರಿಯಬೇಕು.

6. ಸೊನ್ನೆ ಬೇರೆ, ಖಾಲಿ ಬೇರೆ.
ಆಲಿಕೆಯಲ್ಲಿ ತರಗೆಲೆ ಕಟ್ಟಿಕೊಂಡಿತ್ತು. ಹೊರಗೆ ಮಳೆ ಸುರಿಯುತ್ತಿದ್ದರೂ ಯಂತ್ರ ಸೊನ್ನೆ ಕಳಿಸುತ್ತಿತ್ತು, ನಾನು ಅದನ್ನು ನಂಬಿದೆ. ಮತ್ತೊಂದು ಕಡೆ ಬಾರದ ಅಂಕಿಗಳನ್ನೂ ಸೊನ್ನೆಯೆಂದೇ ಕೂಡಿಸಿದ್ದೆ. ಎರಡರಲ್ಲೂ ನಷ್ಟ ಬೆಳೆಗಾರನದು. ಈಗ ಪ್ರತಿ ಸಂದೇಶದ ಜೊತೆ ಬ್ಯಾಟರಿಯ ಸ್ಥಿತಿಯೂ ಬರುತ್ತದೆ. ಬಾರದ ಅಂಕಿಯ ಜಾಗ ಖಾಲಿಯೇ ಉಳಿಯುತ್ತದೆ. ಪಕ್ಕದ ಅಂಗಳದಲ್ಲಿ ಕೈಯಿಂದ ಅಳೆಯುವ ಸಾದಾ ಮಳೆಮಾಪಕ ಇಟ್ಟು, ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಿ ಪುಸ್ತಕದಲ್ಲಿ ಬರೆಯಲು ಮನೆಯವರನ್ನು ಕೇಳಿಕೊಳ್ಳುತ್ತೇನೆ. ಯಂತ್ರದ ತಪ್ಪು ಮೊದಲು ಗೊತ್ತಾಗುವುದು ಆ ಪುಸ್ತಕದಿಂದಲೇ. ವಿಮೆಯ ಅಂಕಿ ಸರಿಯಿಲ್ಲವೆನಿಸಿದರೆ ಬೆಳೆಗಾರ ಎದ್ದು ಪ್ರಶ್ನೆ ಕೇಳಲು ಕೈಯಲ್ಲಿ ಆಧಾರವೂ ಇರುತ್ತದೆ.